ಊಟ ಕಡಿಮೆ ಮಾಡದೆ ಮನೆ ಖರ್ಚು ಕಡಿಮೆ ಮಾಡೋದು ಹೇಗೆ?

ಇಬ್ಬರು ಮಕ್ಕಳ ಅಮ್ಮ, ನೆಲಮಂಗಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ಜನ. ಯಜಮಾನರಿಗೆ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಬ್ಬರದೂ ಸೇರಿ ಕೈಗೆ 38 ಸಾವಿರ ಬರುತ್ತದೆ. ಬಾಡಿಗೆ, ಸ್ಕೂಲ್ ಫೀಸು, ಬೈಕ್ ಕಂತು ಕಟ್ಟಿದ ಮೇಲೆ ಉಳಿದಿದ್ದು ತಿಂಗಳ ಕೊನೆಯ ವಾರಕ್ಕೆ ಸಾಲುವುದೇ ಇಲ್ಲ.

ಕಳೆದ ತಿಂಗಳು ಪ್ರತಿಯೊಂದನ್ನೂ ಬರೆದಿಟ್ಟೆ. ದಿನಸಿ 7,000. ತರಕಾರಿ, ಹಣ್ಣು 3,200. ಹಾಲು 1,400. ಗ್ಯಾಸ್ 900 ಹತ್ತಿರ. ಆ್ಯಪ್‌ನಲ್ಲಿ ಆಗಾಗ ತರಿಸಿದ ಸಣ್ಣಪುಟ್ಟ ಸಾಮಾನು 2,800. ಹೊರಗಿನ ತಿಂಡಿ 1,900. ಒಟ್ಟು 17 ಸಾವಿರ ದಾಟಿದೆ.

ಮಕ್ಕಳ ಹಾಲು, ಮೊಟ್ಟೆ, ಹಣ್ಣು ಕಡಿಮೆ ಮಾಡುವ ಮಾತು ಮಾತ್ರ ಬೇಡ. ಚಿಕ್ಕವನಿಗೆ ಆರು ವರ್ಷ, ದೊಡ್ಡವಳಿಗೆ ಹತ್ತು. ಅವರ ತಟ್ಟೆ ಮುಟ್ಟದೆ ಎಲ್ಲಿ ಉಳಿಸಬಹುದು? ನಿಮ್ಮ ಮನೆಯಲ್ಲಿ ನಿಜವಾಗಿ ನಡೆಯುತ್ತಿರುವುದನ್ನು ಹೇಳಿ.

ಕಿರಾಣಿಯವ, ತಿಪಟೂರು

ಅಕ್ಕ, ಲೆಕ್ಕ ಬರೆದಿಟ್ಟಿದ್ದೇ ಒಳ್ಳೆಯದಾಯಿತು. ಈಗ ಎಲ್ಲಿ ಸೋರುತ್ತಿದೆ ಅಂತ ಕಾಣುತ್ತದೆ. ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಆ್ಯಪ್‌ನ 2,800. ಅದರಲ್ಲಿ ಇರುವುದು ಬ್ರೆಡ್ಡು, ಬಿಸ್ಕತ್ತು, ತರಲು ಮರೆತ ಕೊತ್ತಂಬರಿ ಸೊಪ್ಪು, ಇಂಥದ್ದೇ ಇರುತ್ತದೆ. ಅದರ ಮೇಲೆ ತಲುಪಿಸುವ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು. ಚಾರ್ಜು ತಪ್ಪಿಸಲು ಬೇಡದ್ದನ್ನೂ ಒಂದೆರಡು ಸೇರಿಸುತ್ತೇವೆ. ಅಡುಗೆಮನೆ ಗೋಡೆಗೆ ಒಂದು ಚೀಟಿ ಅಂಟಿಸಿ, ಮುಗಿದಿದ್ದನ್ನು ಆಗಲೇ ಬರೆಯಿರಿ. ವಾರಕ್ಕೊಮ್ಮೆ ಆ ಚೀಟಿ ಹಿಡಿದು ಅಂಗಡಿಗೆ ಹೋಗಿ. ಅಂಗಡಿಯವನು ತನ್ನ ವ್ಯಾಪಾರಕ್ಕೆ ಹೇಳುತ್ತಿದ್ದಾನೆ ಅಂತ ಅಂದುಕೊಳ್ಳಬೇಡಿ. ನಮ್ಮ ಅಂಗಡಿಗೂ ಚೀಟಿ ಇಲ್ಲದೆ ಬಂದವರು ಜಾಸ್ತಿ ಸಾಮಾನು ಒಯ್ಯುತ್ತಾರೆ.

ಎರಡನೆಯದು ಪೊಟ್ಟಣದ ಅಳತೆ. ಇದನ್ನು ನಾನು ದಿನಾ ನೋಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಕಕ್ಕೆ ಹಾಕಿದರೆ ಸುಮಾರು 910 ಗ್ರಾಂ ಬರುತ್ತದೆ. ಈಗ ಕಪಾಟಿನಲ್ಲಿ ನೋಡಲು ಒಂದೇ ಥರ ಇರುವ ಪ್ಯಾಕೆಟ್‌ಗಳು 850 ಗ್ರಾಂ, 800 ಗ್ರಾಂ, 750 ಗ್ರಾಂ ಹೀಗೆ ಬರುತ್ತವೆ. ಬೆಲೆ 10 ರೂಪಾಯಿ ಕಡಿಮೆ ಇದೆ ಅಂತ ಜನ ಖುಷಿಯಿಂದ ಎತ್ತಿಕೊಳ್ಳುತ್ತಾರೆ. ಗ್ರಾಂ ಲೆಕ್ಕ ಹಾಕಿದರೆ ಅದೇ ದುಬಾರಿ. ಎಂಆರ್‌ಪಿ ಪಕ್ಕದಲ್ಲಿ ಯೂನಿಟ್ ಸೇಲ್ ಪ್ರೈಸ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಗ್ರಾಂಗೆ ಇಷ್ಟು, ಮಿಲಿಲೀಟರಿಗೆ ಇಷ್ಟು ಅಂತ. ಅದನ್ನು ಅಚ್ಚು ಹಾಕುವುದು ಕಡ್ಡಾಯ. ಎರಡು ಪ್ಯಾಕೆಟ್ ಕೈಯಲ್ಲಿ ಹಿಡಿದು ಆ ಒಂದು ಸಾಲನ್ನು ಮಾತ್ರ ಹೋಲಿಸಿ, ಸಾಕು.

ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದೂ ಸರಿಯಲ್ಲ. ಶಾಂಪೂನಲ್ಲಿ ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಒಂದು, ಎರಡು ರೂಪಾಯಿಯ ಸ್ಯಾಶೆಯೇ ಅಗ್ಗಕ್ಕೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಅದಕ್ಕಿಂತ ಮುಂಚಿನ ಬೆಲೆ ನಿಮ್ಮ ಹಳೆ ಬಿಲ್‌ನಲ್ಲಿ ಇದ್ದರೆ ಹೋಲಿಸಿ ನೋಡಿ.

ಅಕ್ಕಿ ತಗೊಳ್ಳುವಾಗ ಹಳೆ ಅಕ್ಕಿ ಕೇಳಿ. ಕೆಜಿಗೆ ನಾಲ್ಕೈದು ರೂಪಾಯಿ ಜಾಸ್ತಿ ಇದ್ದರೂ ಚೆನ್ನಾಗಿ ಒದಗುತ್ತದೆ, ಅನ್ನ ಮುದ್ದೆಯಾಗುವುದಿಲ್ಲ. ದೋಸೆಗೆ ಅಕ್ಕಿನುಚ್ಚು ಸಾಕು. ಪಾಯಸಕ್ಕೆ ಚೂರು ಗೋಡಂಬಿ ಸಾಕು. ಇಡೀ ಗೋಡಂಬಿಗೆ ಅಷ್ಟು ದುಡ್ಡು ಕೊಡುವ ಅಗತ್ಯವಿಲ್ಲ.

ರೂಮ್‌ಮೇಟ್ಸ್ ನಾಲ್ವರು, ಬೆಂಗಳೂರು

ನಾವು ಹುಡುಗರು, ಅಡುಗೆ ಅಷ್ಟು ಬರುವುದಿಲ್ಲ. ಆದರೆ ಮೊಸರಿನ ಪ್ಯಾಕೆಟ್ ತರುವುದು ನಿಲ್ಲಿಸಿದ್ದೇವೆ. ಮೊಸರಿನ ಪ್ಯಾಕೆಟ್ ಹಾಲಿಗಿಂತ ತುಟ್ಟಿ. ಒಂದು ಲೀಟರ್ ಹಾಲಿಗೆ ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆ ಹೆಚ್ಚು ಕಡಿಮೆ ಒಂದು ಕೆಜಿ ಮೊಸರು. ಕೆಲಸ ಎರಡು ನಿಮಿಷದ್ದು.

ದೋಸೆ ಹಿಟ್ಟೂ ಹಾಗೇ. ಒಂದು ಕೆಜಿ ಅಕ್ಕಿ, ಕಾಲು ಕೆಜಿ ಉದ್ದಿನಬೇಳೆ ರುಬ್ಬಿದರೆ ಮೂರು ಕೆಜಿ ಹತ್ತಿರ ಹಿಟ್ಟಾಗುತ್ತದೆ. ಪ್ಯಾಕೆಟ್ ಹಿಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿನ ತೂಕಕ್ಕೇ ದುಡ್ಡು ಕೊಡುತ್ತೇವೆ.

ತೀರಾ ಕಷ್ಟದ ದಿನಕ್ಕೆ ಇಂದಿರಾ ಕ್ಯಾಂಟೀನ್ ಇದೆ. ಅಲ್ಲಿ ಊಟ ಮಾಡಲು ಯಾರೂ ನಾಚಿಕೊಳ್ಳಬೇಕಿಲ್ಲ.

ಗದಗ ಮಾವಶಿ

ತಂಗಿ, ನೀವು ತಿಂಗಳ ಲೆಕ್ಕ ಬರೆದಿದ್ದೀರಿ. ನಮ್ಮ ಕಡೆ ವರ್ಷದ ಲೆಕ್ಕ ಹಾಕುತ್ತಾರೆ. ಅದರಲ್ಲೇ ಉಳಿತಾಯ ಇರುವುದು ನೋಡ್ರಿ. ಪ್ರತಿಯೊಂದಕ್ಕೂ ಒಂದು ಹಂಗಾಮು ಇರುತ್ತದೆ. ಹಿಂಗಾರಿ ಬಿಳಿಜೋಳ ಫೆಬ್ರವರಿ, ಮಾರ್ಚ್‌ನಲ್ಲಿ ಕಣಕ್ಕೆ ಬರುತ್ತದೆ. ಕಲಬುರಗಿ ಕಡೆ ತೊಗರಿ ಡಿಸೆಂಬರ್, ಜನವರಿಯಲ್ಲಿ ರಾಶಿ ಆಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಪೇಟೆ ತುಂಬುತ್ತದೆ. ಹುಣಸೆಹಣ್ಣು ಬೇಸಿಗೆ ಶುರುವಿನಲ್ಲಿ. ಆಗ ಕೊಂಡವರಿಗೆ ಒಂದು ಬೆಲೆ, ಮಳೆಗಾಲದಲ್ಲಿ ಕಾಲು ಕಾಲು ಕೆಜಿ ಕೊಂಡವರಿಗೆ ಬೇರೆ ಬೆಲೆ.

ಜೋಳ ತಂದ ಮೇಲೆ ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹರವಬೇಕು. ಒಂದು ಕಾಳು ಹಲ್ಲಿಗೆ ಹಾಕಿ ಕಡಿದರೆ ಕಟ್ ಅಂತ ಸಪ್ಪಳ ಬರಬೇಕು. ಮೆತ್ತಗೆ ಒತ್ತಿಕೊಂಡರೆ ಇನ್ನೂ ಪಸೆ ಇದೆ ಅಂತ ಅರ್ಥ, ಹಾಗೇ ತುಂಬಿದರೆ ನುಸಿ ಬೀಳುತ್ತದೆ. ಬಿಸಿಲಿನಿಂದ ತೆಗೆದ ಕೂಡಲೇ ತುಂಬಬಾರದು, ನೆರಳಿನಲ್ಲಿ ಪೂರ್ತಿ ಆರಬೇಕು. ಬಿಸಿ ಕಾಳು ಡಬ್ಬಿಯೊಳಗೆ ಬೆವರುತ್ತದೆ. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಒಂದು ಪದರ, ಕಾಳು ಒಂದು ಪದರ ಹಾಕಿ ಮುಚ್ಚಿಡಬೇಕು. ನಮ್ಮ ಅತ್ತೆಯವರು ಹೀಗೇ ಮಾಡುತ್ತಿದ್ದರು, ನಾನೂ ಹೀಗೇ ಮಾಡುತ್ತೇನೆ.

ರೊಟ್ಟಿಗೆ ದಿನಾ ಪಲ್ಯ ಬೇಕು ಅಂತಿಲ್ಲ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮೂರು ಡಬ್ಬಿ ತುಂಬಿರಲಿ. ಸ್ವಲ್ಪ ಮೊಸರು, ಒಂದು ಉಳ್ಳಾಗಡ್ಡಿ ಸೇರಿದರೆ ಒಳ್ಳೆ ಊಟ. ತರಕಾರಿ ತುಟ್ಟಿಯಾದ ವಾರ ಝುಣಕ ಮಾಡ್ರಿ. ಕಡ್ಲಿಹಿಟ್ಟು ಒಂದು ಬಟ್ಟಲು ಇದ್ದರೆ ನಾಲ್ಕು ಮಂದಿಗೆ ಆಗುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತಲ್ಲ, ಆಗ ನಮ್ಮ ಮನೆಯಲ್ಲಿ ಹುಣಸೆಹಣ್ಣೇ ಎಲ್ಲ ಕೆಲಸ ಮಾಡಿತು. ಸಾರಿನ ರುಚಿ ಏನೂ ಕೆಡಲಿಲ್ಲ.

ಎರಡು ಪಾಳಿ

ಮಾವಶಿ, ನೀವು ಹೇಳಿದ್ದೆಲ್ಲ ಸರಿ. ಆದರೆ ಒಂದು ಮಾತು ಹೇಳಲೇಬೇಕು. ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರೂವರೆಗೆ. ಜೋಳ ಒಣಗಿಸಿ, ಹಿಟ್ಟು ರುಬ್ಬಿ, ಹಿಂಡಿ ಕುಟ್ಟಿ, ಮೊಸರು ಕಡೆದು ಅಂತ ಹೇಳಿದಾಗ ಆ ಕೆಲಸವೆಲ್ಲ ಯಾರ ತಲೆಗೆ ಬರುತ್ತದೆ? ಉಳಿತಾಯ ಮನೆಯವರೆಲ್ಲರದು, ದುಡಿಮೆ ಹೆಂಗಸಿನದು ಅಂದರೆ ಅದು ಉಳಿತಾಯವೇ ಅಲ್ಲ. ನೆಲಮಂಗಲದ ಅಕ್ಕ ಹೊಲಿಗೆ ಮಾಡುತ್ತಾರೆ. ಒಂದು ಬ್ಲೌಸ್ ಹೊಲಿಯುವ ಹೊತ್ತಿನಲ್ಲಿ ಅವರು ಗಳಿಸುವ ದುಡ್ಡು, ಮನೆಯಲ್ಲೇ ಪಾತ್ರೆ ಸೋಪು ಮಾಡಿ ಉಳಿಸುವ ದುಡ್ಡಿಗಿಂತ ಎಷ್ಟೋ ಜಾಸ್ತಿ.

ಬಾಡಿಗೆ ಮನೆಯ ಒಂದೂವರೆ ರೂಮಿನಲ್ಲಿ ಜೋಳದ ಚೀಲ ಇಡಲು ಜಾಗ ಎಲ್ಲಿದೆ, ಅದನ್ನೂ ಹೇಳಿ.

ಗದಗ ಮಾವಶಿ

ಖರೆ ಮಾತು ತಂಗಿ. ನಮ್ಮ ಮನೆಯಲ್ಲಿ ಅತ್ತೆ, ನಾದಿನಿ, ನಾನು ಮೂವರು ಕೂತು ಮಾಡುತ್ತಿದ್ದೆವು, ಈಗಿನವರಿಗೆ ಆ ಆಸರೆ ಇಲ್ಲ. ಹಾಗಿದ್ದರೆ ಕೆಲಸವನ್ನು ಆರಿಸಿಕೊಳ್ಳಬೇಕು. ಹಿಂಡಿ ಒಂದು ಭಾನುವಾರ ಮಾಡಿದರೆ ತಿಂಗಳು ಬರುತ್ತದೆ. ಕಡಕ್ ರೊಟ್ಟಿ ಮಾಡಿಸಿ ಇಟ್ಟುಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ, ನೌಕರಿಗೆ ಹೋಗುವವರಿಗೆ ಅದೇ ಅನುಕೂಲ. ಚೀಲಕ್ಕೆ ಜಾಗ ಇಲ್ಲದಿದ್ದರೆ ಓಣಿಯ ಮೂರು ಮನೆಯವರು ಸೇರಿ ಒಂದು ಚೀಲ ತಂದು ಹಂಚಿಕೊಳ್ಳಿ. ಬೆಲೆ ಚೀಲದ್ದೇ ಸಿಗುತ್ತದೆ.

ಸಂತೆಗೆ ಹೋಗುವ ಗಂಡ, ಮಂಡ್ಯ

ಎರಡು ಪಾಳಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಮ್ಮ ಮನೆಯಲ್ಲಿ ಸಂತೆ, ಹಿಟ್ಟು ರುಬ್ಬುವುದು, ಭಾನುವಾರದ ಅಡುಗೆ ಮೂರೂ ನನ್ನದು. ಗಂಡಸರು ಇದನ್ನು ಓದುತ್ತಿದ್ದರೆ ಒಂದು ತಿಂಗಳು ಸಂತೆಗೆ ನೀವೇ ಹೋಗಿ. ಬೆಲೆ ಗೊತ್ತಿದ್ದವನು ತಟ್ಟೆಯಲ್ಲಿ ಅನ್ನ ಬಿಡುವುದಿಲ್ಲ.

ಸಂತೆಗೆ ಬೆಳಿಗ್ಗೆ ಹೋದರೆ ಒಳ್ಳೆ ಮಾಲು, ಕತ್ತಲಾಗುವ ಹೊತ್ತಿಗೆ ಹೋದರೆ ಒಳ್ಳೆ ಬೆಲೆ. ಸೊಪ್ಪು, ಟೊಮೆಟೊ ಥರದ್ದನ್ನು ಯಾರೂ ವಾಪಸ್ ಹೊತ್ತುಕೊಂಡು ಹೋಗಲು ಇಷ್ಟಪಡುವುದಿಲ್ಲ. ಆದರೆ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ. ನಾವು ಉಳಿಸಬೇಕಾದ್ದು ಅವರ ಕೈಯಿಂದಲ್ಲ.

ಈಗ ಅಡುಗೆ ವಿಷಯ. ಕಡಿಮೆ ಖರ್ಚಿನಲ್ಲಿ ಇಡೀ ಊಟ ಆಗಬೇಕು ಅಂದರೆ ನಮ್ಮ ಕಡೆಯ ಬಸ್ಸಾರನ್ನು ಮೀರಿಸಿದ್ದು ಯಾವುದೂ ಇಲ್ಲ. ಒಂದು ಲೋಟ ತೊಗರಿಬೇಳೆ ಅಥವಾ ಅಲಸಂದೆ ಕಾಳು, ಒಂದು ದೊಡ್ಡ ಕಟ್ಟು ದಂಟಿನ ಸೊಪ್ಪು. ಬೇಳೆ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಉಪ್ಪು ಹಾಕಿ ಬೇಯಿಸಿ. ಬೇಳೆ ಕರಗಬಾರದು, ಬೆರಳಲ್ಲಿ ಅಮುಕಿದರೆ ಒಡೆಯಬೇಕು, ಅಷ್ಟೇ. ಆಮೇಲೆ ಬಸಿದು ಕಟ್ಟು (ಬೇಯಿಸಿದ ನೀರು) ಬೇರೆ, ಸೊಪ್ಪು ಬೇಳೆ ಬೇರೆ ಮಾಡಿ. ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು, ಚೂರು ತೆಂಗಿನಕಾಯಿ, ಹುಣಸೆಹಣ್ಣು, ಬೆಂದ ಸೊಪ್ಪು ಬೇಳೆಯಲ್ಲೇ ಒಂದು ಸೌಟು ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೇಯಿಸಿದ್ದು, ಎರಡು ಪದಾರ್ಥ. ಜೊತೆಗೆ ಮುದ್ದೆ. ಮಾರನೆಯ ದಿನ ಆ ಸಾರು ಇನ್ನೂ ರುಚಿ.

ತೊಗರಿಬೇಳೆ ಬೆಲೆ ಏರಿದಾಗ ಹುರುಳಿಕಾಳಿಗೆ ಬನ್ನಿ. ಮೊಳಕೆ ಕಟ್ಟಿದರೆ ಒಂದು ದಿನ ಪಲ್ಯ, ಹುರುಳಿ ಕಟ್ಟಿನ ಸಾರು ಎರಡು ದಿನ.

ಇಬ್ಬರು ಮಕ್ಕಳ ಅಮ್ಮ, ನೆಲಮಂಗಲ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಒಂದು ವಿಷಯ ಕೇಳಬೇಕು. ನಮಗೆ ಗ್ಯಾಸ್ ಒಂದು ತಿಂಗಳು ಸರಿಯಾಗಿ ಬರುತ್ತಿಲ್ಲ. ಅಕ್ಕಪಕ್ಕದ ಮನೆಯಲ್ಲಿ ಅಷ್ಟೇ ಜನ ಇದ್ದರೂ ನಲವತ್ತು ದಿನ ಬರುತ್ತದೆ. ಕರೆಂಟ್ ಬಿಲ್ಲೂ ಒಂದು ತಿಂಗಳು ಸೊನ್ನೆ, ಒಂದು ತಿಂಗಳು ಬರುತ್ತದೆ. ಯಾಕೆ?

ವೈರಿಂಗ್ ಮೇಸ್ತ್ರಿ, ಮೈಸೂರು

ಕರೆಂಟಿನದು ನಾನು ಹೇಳುತ್ತೇನೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ರ ಸರಾಸರಿ ಬಳಕೆ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಆ ಮಿತಿ ಕಟ್ಟಿದ್ದಾರೆ. ಮಿತಿ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ನಿಮ್ಮ ಮಿತಿ ಎಷ್ಟು ಅಂತ ಬಿಲ್‌ನಲ್ಲೇ ಇರುತ್ತದೆ, ನೋಡಿಕೊಳ್ಳಿ. ಬಾಡಿಗೆಯವರಿಗೂ ಈ ಯೋಜನೆ ಇದೆ. ಮನೆ ಬದಲಿಸಿದಾಗ ಹಳೆ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಸಂಪರ್ಕದ ನಂಬರು) ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸದಕ್ಕೆ ಜೋಡಿಸಿ.

ಮನೆಯಲ್ಲಿ ಕರೆಂಟು ತಿನ್ನುವುದು ಗೀಸರ್. ಲೈಟು, ಟಿವಿ ಆಮೇಲೆ. 2,000 ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ದಿನಾ ಒಂದು ಗಂಟೆ ಅಂದರೆ ತಿಂಗಳಿಗೆ 60 ಯೂನಿಟ್. ಬಕೆಟ್‌ನಲ್ಲಿ ಸ್ನಾನ ಮಾಡಿದರೆ ಒಬ್ಬರಿಗೆ ಅರ್ಧ ಯೂನಿಟ್ ಕೂಡ ಬೇಡ. ಸ್ವಿಚ್ ಹಾಕಿ ಮರೆಯುವುದೇ ದೊಡ್ಡ ನಷ್ಟ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ.

ಫ್ಯಾನಿನ ಲೆಕ್ಕವೂ ನೋಡಿ. ಹಳೆ ಫ್ಯಾನು 75 ವಾಟು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ಆಸುಪಾಸು. ಬಿಎಲ್‌ಡಿಸಿ ಅಂತ ಹೊಸ ಥರದ ಮೋಟಾರಿನ ಫ್ಯಾನು 30 ವಾಟಿಗೂ ಕಡಿಮೆಯಲ್ಲಿ ಓಡುತ್ತದೆ, ತಿಂಗಳಿಗೆ 9 ಯೂನಿಟ್. ಇರುವ ಫ್ಯಾನು ಕಿತ್ತೆಸೆದು ಹೊಸದು ತರಬೇಕಿಲ್ಲ. ಕೆಟ್ಟಾಗ ಮಾತ್ರ ಬಿಎಲ್‌ಡಿಸಿ ತನ್ನಿ. ಗ್ಯಾಸ್ ಉಳಿಸಲು ಇಂಡಕ್ಷನ್ ತಗೊಳ್ಳಲಾ ಅಂತ ಕೇಳುವವರು ಜಾಸ್ತಿ. ಉಚಿತ ಮಿತಿಯೊಳಗೆ ಇನ್ನೂ ಯೂನಿಟ್ ಉಳಿಯುತ್ತಿದ್ದರೆ ಮಾತ್ರ ಅದು ಲಾಭ.

ಪುತ್ತೂರಿನವಳು

ಗ್ಯಾಸಿನದು ನಾನು ಹೇಳುತ್ತೇನೆ. ನಮ್ಮಲ್ಲಿ ಕುಚ್ಚಲಕ್ಕಿ ಬೇಯಲು ತುಂಬಾ ಹೊತ್ತು ಬೇಕು, ಹಾಗಾಗಿ ಗ್ಯಾಸ್ ಉಳಿಸುವ ಉಪಾಯ ಕಲಿಯದೆ ವಿಧಿಯಿಲ್ಲ.

ಮೊದಲು ಉರಿ ನೋಡಿ. ನೀಲಿ ಇರಬೇಕು. ಹಳದಿ ಇದ್ದರೆ, ಪಾತ್ರೆ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತು ಕಟ್ಟಿದೆ. ಬಿಚ್ಚಿ ಬಿಸಿನೀರಿಗೆ ಹಾಕಿ, ಪಿನ್ನಿನಿಂದ ಬಿಡಿಸಿ, ಒಣಗಿಸಿ ಹಾಕಿ. ಉರಿ ಪಾತ್ರೆಯ ತಳದಿಂದ ಹೊರಗೆ ಬರಬಾರದು. ಬೇಳೆ, ಅಕ್ಕಿ ಅರ್ಧ ಗಂಟೆ ಮೊದಲು ನೆನೆಸಿ. ಕಡಲೆ, ಹುರುಳಿ ಹಿಂದಿನ ರಾತ್ರಿಯೇ ನೆನೆಯಬೇಕು. ಕುಕ್ಕರಿನಲ್ಲಿ ಒಂದರ ಮೇಲೆ ಒಂದು ಡಬ್ಬಿ ಇಟ್ಟು ಅನ್ನ, ಬೇಳೆ, ತರಕಾರಿ ಒಟ್ಟಿಗೆ ಬೇಯಿಸಿ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ. ಸೀಟಿ ಜಾಸ್ತಿ ಹೊಡೆದರೆ ಬೇಗ ಬೇಯುತ್ತದೆ ಅಂತಲ್ಲ, ಹಬೆ ಹೊರಗೆ ಹೋಗುತ್ತದೆ ಅಷ್ಟೇ.

ಕುಚ್ಚಲಕ್ಕಿ ನಾವು ರಾತ್ರಿ ನೆನೆಸಿ, ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಕುದಿಸಿ, ಪಾತ್ರೆಯನ್ನು ಹಾಗೇ ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗೆ ಇಟ್ಟು ಮುಚ್ಚುತ್ತೇವೆ. ಗ್ಯಾಸ್ ಇಲ್ಲದೆ ತನ್ನಷ್ಟಕ್ಕೆ ಬೇಯುತ್ತದೆ. ಮಧ್ಯಾಹ್ನ ತೆಗೆದರೆ ಹೂವಿನಂಥ ಗಂಜಿ. ಅದು ಇಲ್ಲದಿದ್ದರೆ ದಪ್ಪ ಕಂಬಳಿ ಸುತ್ತಿ ಇಟ್ಟರೂ ಕಾಳುಗಳು ಅರ್ಧಕ್ಕರ್ಧ ಬೆಂದಿರುತ್ತವೆ.

ಇನ್ನು ಸಿಪ್ಪೆ. ತರಕಾರಿಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಭಾಗ ಕಸದ ಬುಟ್ಟಿಗೆ ಹೋಗುತ್ತದೆ ಅಂತ ಒಮ್ಮೆ ತೂಗಿ ನೋಡಿ. ಹೀರೆಕಾಯಿ ಸಿಪ್ಪೆ ಹುರಿದು ಚಟ್ನಿ ಮಾಡುತ್ತೇವೆ. ಕಲ್ಲಂಗಡಿ ತಿಂದ ಮೇಲೆ ಉಳಿಯುವ ಬಿಳಿ ಭಾಗ ಇದೆಯಲ್ಲ, ಅದರ ಹಸಿರು ಸಿಪ್ಪೆ ಹೆರೆದು ಹೋಳು ಮಾಡಿ. ಎರಡು ಲೋಟ ನೆನೆಸಿದ ಅಕ್ಕಿಗೆ ಎರಡು ಮೂರು ಲೋಟ ಹೋಳು ಹಾಕಿ ರುಬ್ಬಿ. ನೀರು ಹಾಕಲೇಬೇಡಿ, ಹೋಳಿನಲ್ಲೇ ಬೇಕಾದಷ್ಟು ನೀರಿದೆ. ಉದ್ದು ಬೇಡ. ಮೃದುವಾದ ದೋಸೆ ಬರುತ್ತದೆ. ಮಕ್ಕಳಿಗೆ ಬಿಸಿ ಬಿಸಿ ಇರುವಾಗ ಬೆಲ್ಲ, ತುಪ್ಪದ ಜೊತೆ ಕೊಡಿ. ಹಲಸಿನ ಬೀಜ ಒಣಗಿಸಿ ಇಟ್ಟರೆ ಮಳೆಗಾಲಕ್ಕೆ ಸಾರಿಗೆ, ಪಲ್ಯಕ್ಕೆ ಆಗುತ್ತದೆ. ಒಂದೆಲಗ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ ಇವೆಲ್ಲ ತಂಬುಳಿಗೆ. ಒಂದು ಹಿಡಿ ಎಲೆ, ಒಂದು ಲೋಟ ಮಜ್ಜಿಗೆ, ಊಟ ಮುಗಿಯುತ್ತದೆ.

ಅಂಗನವಾಡಿ ಟೀಚರ್, ಚನ್ನರಾಯಪಟ್ಟಣ

ಎಲ್ಲ ಓದಿದೆ, ತುಂಬಾ ಒಳ್ಳೆಯ ಮಾತುಗಳು. ನನ್ನದು ಒಂದೇ ಕಾಳಜಿ. ದುಡ್ಡು ಉಳಿಸಬೇಕು ಅಂದಾಗ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಬೇಳೆ, ಮೊಟ್ಟೆ, ಹಾಲು. ಬರೀ ಅನ್ನ, ತಿಳಿಸಾರು ಉಳಿಯುತ್ತದೆ. ಅದರಲ್ಲೂ ಅಮ್ಮಂದಿರು ಎಲ್ಲರಿಗೂ ಬಡಿಸಿ ತಾವು ಉಳಿದದ್ದನ್ನು ತಿನ್ನುತ್ತಾರೆ. ಬಾಣಂತಿಯರು, ಬಸುರಿಯರು ಕೂಡ. ಇದನ್ನು ನಾನು ಕಣ್ಣಾರೆ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ನೆಲಮಂಗಲದ ಅಕ್ಕ, ಮಕ್ಕಳ ತಟ್ಟೆ ಮುಟ್ಟುವುದಿಲ್ಲ ಅಂದಿರಿ, ಸಂತೋಷ. ನಿಮ್ಮ ತಟ್ಟೆಯನ್ನೂ ಮುಟ್ಟಬೇಡಿ.

ಮಕ್ಕಳ ಹಾಲಿಗೆ ಬೆರೆಸುವ ಡಬ್ಬಿ ಪುಡಿಗೆ ತಿಂಗಳಿಗೆ ನೂರಾರು ರೂಪಾಯಿ ಕೊಡುವವರು ಇದ್ದಾರೆ. ಅದರ ಬದಲು ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿಸಿ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಬೆಲ್ಲ ಹಾಕಿ ಮಣ್ಣಿ ಮಾಡಿ ಕೊಡಿ. ಶೇಂಗಾ ಬೀಜ ಬೇಯಿಸಿ ಕೊಟ್ಟರೆ ಬಿಸ್ಕತ್ತಿನ ಪ್ಯಾಕೆಟ್ ಬೇಡ. ನುಗ್ಗೆಸೊಪ್ಪು ಹಳ್ಳಿಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ, ಪಟ್ಟಣದಲ್ಲೂ ಗಿಡ ಇರುವ ಮನೆಯವರು ಕೇಳಿದರೆ ಕೊಡುತ್ತಾರೆ.

ಇನ್ನೊಂದು. ರೇಷನ್‌ನಲ್ಲಿ ಬಂದ ಸಾರವರ್ಧಿತ ಅಕ್ಕಿಯಲ್ಲಿ ಕೆಲವು ಕಾಳು ಬೇರೆ ಥರ ಕಾಣುತ್ತವೆ, ನೀರಿಗೆ ಹಾಕಿದರೆ ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಅದು ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು. ನೂರು ಕೆಜಿ ಅಕ್ಕಿಗೆ ಒಂದು ಕೆಜಿ ಬೆರೆಸಿರುತ್ತಾರೆ. ರಕ್ತಹೀನತೆ ಇರುವ ಹೆಂಗಸರೇ ಅದನ್ನು ಆರಿಸಿ ಹೊರಗೆ ಹಾಕುತ್ತಿದ್ದರೆ ಮನಸ್ಸಿಗೆ ತುಂಬಾ ಬೇಜಾರಾಗುತ್ತದೆ.

ಬಿಪಿಎಲ್ ಕಾರ್ಡ್ ಮನೆ, ಚಿತ್ರದುರ್ಗ

ಟೀಚರಮ್ಮ, ಈ ವಿಷಯ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಹೇಳುತ್ತೇನೆ. ರೇಷನ್ ಅಕ್ಕಿ ಅನ್ನಕ್ಕೆ ಕೆಲವರಿಗೆ ಹಿಡಿಸುವುದಿಲ್ಲ ಅಂತ ಮಾರಿಬಿಡುತ್ತಾರೆ. ಮಾರಿದರೆ ಸಿಗುವ ಬೆಲೆಗೆ ಅಂಗಡಿಯಲ್ಲಿ ಅರ್ಧದಷ್ಟು ಅಕ್ಕಿಯೂ ಬರುವುದಿಲ್ಲ, ಮಾರುವುದು ತಪ್ಪೂ ಹೌದು. ನಾವು ದೋಸೆ, ಇಡ್ಲಿ, ಅಕ್ಕಿರೊಟ್ಟಿ, ತಾಲಿಪಟ್ಟು ಎಲ್ಲಕ್ಕೂ ಅದನ್ನೇ ಬಳಸುತ್ತೇವೆ. ಹಿಟ್ಟು ಮಾಡಿಸುವ ಮುಂಚೆ ತೊಳೆದು ನೆರಳಿನಲ್ಲಿ ಒಣಗಿಸಿದರೆ ವಾಸನೆ ಹೋಗುತ್ತದೆ.

ಎರಡು ಪಾಳಿ

ಬೇಜಾರು ಮಾಡಿಕೊಳ್ಳದೆ ನನ್ನ ಮಾತು ಕೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ನಮ್ಮ ಮನೆಯಲ್ಲಿ ನಡೆಯುವುದನ್ನೂ ಹೇಳುತ್ತೇನೆ. ಕಡಿಮೆ ಹೊತ್ತು, ಜಾಸ್ತಿ ದುಡ್ಡು ಉಳಿಸುವ ಕೆಲಸ ಮಾತ್ರ ಇಟ್ಟುಕೊಂಡಿದ್ದೇವೆ. ಹೆಪ್ಪು ಹಾಕುವುದು, ವಾರಕ್ಕೊಮ್ಮೆ ಹಿಟ್ಟು, ಹುಳಿಪುಡಿ ಸಾರಿನಪುಡಿ ಮನೆಯದು. ಡಬ್ಬಿ ಊಟ ಎಲ್ಲರಿಗೂ. ತರಕಾರಿ ಹೆಚ್ಚುವುದು ರಾತ್ರಿ ನಮ್ಮ ಯಜಮಾನರ ಕೆಲಸ. ಸಂತೆಗೆ ನಾನು ಹೋಗುವುದಾದರೆ ಶಕ್ತಿ ಯೋಜನೆಯ ಬಸ್ಸು, ಟಿಕೆಟ್ ಖರ್ಚಿಲ್ಲ.

ಉಳಿದ ದುಡ್ಡು ಕೈಯಲ್ಲಿದ್ದರೆ ಮತ್ತೆ ಖರ್ಚಾಗುತ್ತದೆ. ನಾನು ಪೋಸ್ಟಾಫೀಸಿನಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ ಮಾಡಿಸಿದ್ದೇನೆ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ್ದು. ಸಂಬಳ ಬಂದ ದಿನವೇ ಕಟ್ಟುತ್ತೇನೆ. ನೋಂದಣಿ ಇಲ್ಲದ ಚೀಟಿ ವ್ಯವಹಾರಕ್ಕೆ (ಚಿಟ್ ಫಂಡ್) ಮಾತ್ರ ಯಾರೂ ದುಡ್ಡು ಹಾಕಬೇಡಿ, ಎಷ್ಟೇ ಪರಿಚಯದವರು ನಡೆಸುತ್ತಿದ್ದರೂ ಸರಿ.

ಇಬ್ಬರು ಮಕ್ಕಳ ಅಮ್ಮ, ನೆಲಮಂಗಲ

ಯಜಮಾನರಿಗೂ ಇದನ್ನೆಲ್ಲ ಓದಿ ಹೇಳಿದೆ. ಈ ತಿಂಗಳು ಎಲ್ಲ ಒಟ್ಟಿಗೆ ಶುರು ಮಾಡುವುದಿಲ್ಲ. ಆ್ಯಪ್ ಫೋನಿನಿಂದ ತೆಗೆದಾಯಿತು, ಗೋಡೆಗೆ ಚೀಟಿ ಬಂತು. ಮೊಸರು, ಹಿಟ್ಟು ಇನ್ನು ಮನೆಯದೇ, ಗ್ರೈಂಡರ್ ಕೆಲಸ ಅವರು ನೋಡಿಕೊಳ್ಳುತ್ತಾರೆ. ಬರ್ನರ್ ಬಿಚ್ಚಿ ನೋಡಿದರೆ ಪುತ್ತೂರಿನ ಅಕ್ಕ ಹೇಳಿದ ಹಾಗೇ ಅರ್ಧ ತೂತು ಕಟ್ಟಿತ್ತು. ಹೊರಗಿನ ತಿಂಡಿ ಪೂರ್ತಿ ನಿಲ್ಲಿಸಲು ಮನಸ್ಸಿಲ್ಲ. ಮಕ್ಕಳಿಗೆ ತಿಂಗಳಿಗೆ ಒಂದು ಮಸಾಲೆದೋಸೆ ಇರಲಿ ಅಲ್ವಾ?

ಪಕ್ಕದ ಎರಡು ಮನೆಯವರು ಸೇರಿ ತೊಗರಿಬೇಳೆ ಹಂಗಾಮಿನಲ್ಲೇ ತರೋಣ ಅಂದಿದ್ದಾರೆ. ನಮ್ಮ ಪಾಲಿಗೆ ಹತ್ತು ಕೆಜಿ ಬರಬಹುದು. ಬೇಳೆಗೆ ಬೇವಿನ ಎಲೆ ಸಾಕಾ? ಈರುಳ್ಳಿಯನ್ನೂ ಹಾಗೇ ಮೂಟೆಯಲ್ಲಿ ತರಬಹುದಾ?

ಕಿರಾಣಿಯವ, ತಿಪಟೂರು

ಮಸಾಲೆದೋಸೆ ಖಂಡಿತ ಇರಲಿ ಅಕ್ಕ.

ಬೇಳೆಗೆ ಹರಳೆಣ್ಣೆ ಒಳ್ಳೆಯದು. ಒಂದು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿಸಿ. ಆಮೇಲೆ ಒಂದು ಕೆಜಿಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಹರಳೆಣ್ಣೆ ಅಂಗೈಗೆ ಹಾಕಿಕೊಂಡು ಬೇಳೆಗೆ ಉಜ್ಜಿ. ಪ್ರತಿ ಕಾಳೂ ಮಿಂಚಬೇಕು, ಕೈಗೆ ಅಂಟಬಾರದು. ಗಾಳಿಯಾಡದ ಡಬ್ಬಿಗೆ ತುಂಬಿ. ತಿಂಗಳಿಗೆ ಬೇಕಾದಷ್ಟು ಮಾತ್ರ ಸಣ್ಣ ಡಬ್ಬಿಗೆ ತೆಗೆದುಕೊಳ್ಳಿ, ದೊಡ್ಡದನ್ನು ಪದೇ ಪದೇ ತೆರೆಯಬೇಡಿ. ಬಳಸುವಾಗ ಬಿಸಿನೀರಲ್ಲಿ ಒಮ್ಮೆ ತೊಳೆದರೆ ಎಣ್ಣೆ ಹೋಗುತ್ತದೆ.

ಈರುಳ್ಳಿಗೆ ದಾಸನಪುರ ಎಪಿಎಂಸಿ ನಿಮಗೆ ಹತ್ತಿರವೇ ಆಯಿತು. ಮೂಟೆ ಹಂಚಿಕೊಳ್ಳಿ. ಕತ್ತು ಒಣಗಿದ, ಸಿಪ್ಪೆ ಗರಿಗರಿ ಅನ್ನುವ ಗಡ್ಡೆ ನೋಡಿ ತಗೊಳ್ಳಿ. ಮಳೆಗಾಲದ ಹಸಿ ಈರುಳ್ಳಿ ಮೂಟೆಯಲ್ಲಿ ತರಬೇಡಿ, ಹದಿನೈದು ದಿನವೂ ನಿಲ್ಲುವುದಿಲ್ಲ. ಮನೆಯಲ್ಲಿ ಬಲೆ ಚೀಲದಲ್ಲಿ ಗಾಳಿಗೆ ತೂಗು ಹಾಕಿ. ಆಲೂಗಡ್ಡೆಯ ಜೊತೆ ಒಂದೇ ಬುಟ್ಟಿಯಲ್ಲಿ ಇಡಬೇಡಿ, ಎರಡೂ ಬೇಗ ಕೆಡುತ್ತವೆ.